ತಪಾಸಣೆಗೆ ಹೆದರದ ಅಡುಗೆಮನೆ: ಹೋಟೆಲ್, ಕ್ಯಾಂಟೀನ್, ಕ್ಯಾಟರಿಂಗ್ ನಡೆಸುವವರಿಗೆ ಹಂತ ಹಂತದ ಮಾರ್ಗದರ್ಶಿ

"ತಪಾಸಣೆಗೆ ಬಂದವರು ಏನೇನು ನೋಡ್ತಾರೆ?" ಊಟದ ವ್ಯಾಪಾರ ನಡೆಸುವ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ನಮ್ಮ ಅಡುಗೆಮನೆ ಫಳಫಳ ಹೊಳೆಯುತ್ತೆ, ಆದ್ರೂ ಯಾಕೆ ತಪ್ಪು ಬರೆದು ಹೋದ್ರು?"

ಎರಡಕ್ಕೂ ಉತ್ತರ ಒಂದೇ. ನೆಲ ಹೊಳೆಯುವುದು ಒಳ್ಳೆಯದೇ. ಆದರೆ ಊಟದಿಂದ ಜನ ಕಾಯಿಲೆ ಬೀಳಲು ಹೆಚ್ಚಾಗಿ ಕಾರಣವಾಗುವುದು ಕಣ್ಣಿಗೆ ಕಾಣದ ಸಂಗತಿಗಳು. ಆ ಪದಾರ್ಥ ಎಷ್ಟು ಬಿಸಿಯಾಗಿತ್ತು, ಎಷ್ಟು ಹೊತ್ತು ಹೊರಗಿತ್ತು, ಯಾರ ಕೈ ತಾಗಿತ್ತು? ಅನುಭವ ಇರುವ ಇನ್ಸ್‌ಪೆಕ್ಟರ್ ನೆಲ ನೋಡಿ ಮುಂದೆ ಹೋಗುತ್ತಾರೆ, ನಿನ್ನೆಯ ಅನ್ನದ ಡಬ್ಬಿ ತೆಗೆದು ನಿಲ್ಲುತ್ತಾರೆ. ನೀವೂ ನಿಮ್ಮ ಅಡುಗೆಮನೆಯನ್ನು ಹಾಗೇ ನೋಡಲು ಕಲಿತರೆ ಊಟವೂ ಸುರಕ್ಷಿತ, ತಪಾಸಣೆಯೂ ಸಲೀಸು.

ಇದು ಸಣ್ಣ ವಿಷಯ ಅಲ್ಲ. ಕೆಟ್ಟ ಆಹಾರದಿಂದ ವರ್ಷಕ್ಕೆ ಸುಮಾರು 60 ಕೋಟಿ ಜನ ಕಾಯಿಲೆ ಬೀಳುತ್ತಾರೆ, ಸುಮಾರು 4 ಲಕ್ಷ 20 ಸಾವಿರ ಜನ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಅಂದಾಜು ಮಾಡಿತ್ತು. ಸತ್ತವರಲ್ಲಿ ಹತ್ತಿರ ಹತ್ತಿರ ಮೂರರಲ್ಲೊಂದು ಭಾಗ ಐದು ವರ್ಷದೊಳಗಿನ ಮಕ್ಕಳು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಡಿಗ್ರಿ, ಗಂಟೆಗಳ ಲೆಕ್ಕ ದೇಶದಿಂದ ದೇಶಕ್ಕೆ ಸ್ವಲ್ಪ ಬದಲಾಗುತ್ತದೆ. ಇಲ್ಲಿ ಕೊಟ್ಟಿರುವುದು ತುಂಬ ಕಡೆ ಬಳಕೆಯಲ್ಲಿರುವ ಅಂಕಿಗಳು. ನಿಮ್ಮಲ್ಲಿನ ಕಾನೂನು ಇದಕ್ಕಿಂತ ಬಿಗಿಯಾಗಿದ್ದರೆ ಅದನ್ನೇ ಪಾಲಿಸಿ. ಆ ನಿಯಮದ ಒಂದು ಪ್ರತಿಯನ್ನು ತಂದು ಅಡುಗೆಮನೆಯಲ್ಲೇ ಇಟ್ಟುಕೊಳ್ಳಿ.

ಮೊದಲು ಇವು ಕೈಯಲ್ಲಿರಲಿ

ದುಬಾರಿ ಯಂತ್ರ ಏನೂ ಬೇಡ. ಪದಾರ್ಥದೊಳಗೆ ಚುಚ್ಚಿ ನೋಡುವ ಡಿಜಿಟಲ್ ಥರ್ಮಾಮೀಟರ್ ಎರಡು (ಒಂದು ಕೆಟ್ಟರೆ ಇನ್ನೊಂದು), ಪ್ರತಿ ಫ್ರಿಜ್‌ಗೂ ಒಂದೊಂದು ಥರ್ಮಾಮೀಟರ್, ಆಳವಿಲ್ಲದ ಅಗಲ ಟ್ರೇಗಳು, ಲೇಬಲ್ ಮತ್ತು ಅಳಿಸದ ಮಾರ್ಕರ್, ಹಸಿ ಮಾಂಸಕ್ಕೊಂದು ಬಣ್ಣ, ತಿನ್ನಲು ಸಿದ್ಧವಾದ ಪದಾರ್ಥಕ್ಕೊಂದು ಬಣ್ಣ ಅಂತ ಬೇರೆ ಬೇರೆ ಕತ್ತರಿಸುವ ಹಲಗೆಗಳು, ಒಂದು ರಿಜಿಸ್ಟರ್. ಇದರ ಜೊತೆಗೆ ಕೈ ತೊಳೆಯಲಿಕ್ಕೆಂದೇ ಒಂದು ಸಿಂಕ್. ಅದರಲ್ಲಿ ಪಾತ್ರೆ, ತರಕಾರಿ ಏನೂ ತೊಳೆಯಬಾರದು.

ಇನ್ನೊಂದು ಮುಖ್ಯ ವಿಷಯ: ಪ್ರತಿ ಪಾಳಿಗೂ ಒಬ್ಬರು ಹೊಣೆ ಹೊರಬೇಕು. ಮಾಲೀಕರು ಊರಲ್ಲಿಲ್ಲದ ದಿನವೂ "ಇವತ್ತು ಯಾರು ನೋಡ್ಕೋತಾರೆ?" ಎಂದು ಕೇಳಿದರೆ ಒಂದು ಹೆಸರು ಬರಬೇಕು.

ಹಂತ 1: ಒಂದು ಪದಾರ್ಥದ ಹಿಂದೆ ಹೋಗಿ

ಅಪಾಯ ಹುಡುಕುವ ಕ್ರಮಕ್ಕೆ ಹ್ಯಾಸಪ್ ಎಂದು ಹೆಸರು. ಅಪಾಯ ಎಲ್ಲೆಲ್ಲಿದೆ ಎಂದು ಗುರುತಿಸಿ, ಅದನ್ನು ತಡೆಯಲೇಬೇಕಾದ ಜಾಗಗಳನ್ನು ಹಿಡಿದು ಕಾಯುವ ವ್ಯವಸ್ಥೆ ಎಂದು ಅದರ ಅರ್ಥ. 1960ರ ದಶಕದಲ್ಲಿ ಅಮೆರಿಕದ ಬಾಹ್ಯಾಕಾಶ ಯಾತ್ರಿಗಳ ಊಟ ಸುರಕ್ಷಿತವಾಗಿರಲಿ ಎಂದು ರೂಪಿಸಿದ ಕ್ರಮ ಇದು. ತಯಾರಾದ ಮೇಲೆ ಪರೀಕ್ಷೆ ಮಾಡುತ್ತಾ ಕೂತರೆ ತಿನ್ನಲು ಏನೂ ಉಳಿಯುವುದಿಲ್ಲ. ಅದಕ್ಕೇ ತಯಾರಾಗುವ ದಾರಿಯಲ್ಲೇ ತಪ್ಪನ್ನು ತಡೆಯಬೇಕು ಎಂಬ ಯೋಚನೆ ಬಂತು.

ಸುಮ್ನೆ ಒಂದು ಪದಾರ್ಥ ತೆಗೆದುಕೊಳ್ಳಿ, ಕೋಳಿ ಗ್ರೇವಿ ಅಂತಿಟ್ಟುಕೊಳ್ಳಿ. ಮಾಂಸ ಬಂದ ಬಾಗಿಲಿನಿಂದ ತಟ್ಟೆಗೆ ಬೀಳುವ ತನಕ ಅದು ಹೋಗುವ ದಾರಿಯನ್ನು ಕಾಗದದ ಮೇಲೆ ಬರೆಯಿರಿ: ಬಂತು, ಫ್ರಿಜ್‌ಗೆ ಹೋಯಿತು, ಕತ್ತರಿಸಿದೆವು, ಬೇಯಿಸಿದೆವು, ಬಿಸಿಯಾಗಿಟ್ಟೆವು, ಬಡಿಸಿದೆವು, ಉಳಿದದ್ದನ್ನು ತಣಿಸಿದೆವು, ಮತ್ತೆ ಬಿಸಿ ಮಾಡಿದೆವು. ಪ್ರತಿ ಸಾಲಿನ ಮುಂದೆ ನಾಲ್ಕು ಪ್ರಶ್ನೆ ಕೇಳಿ. ಇಲ್ಲಿ ರೋಗಾಣು ಬರಬಹುದೇ, ಬೆಳೆಯಬಹುದೇ? ಸೋಪು, ಕೀಟನಾಶಕದಂಥ ರಾಸಾಯನಿಕ ಸೇರಬಹುದೇ? ಗಾಜು, ಲೋಹದ ಚೂರು, ಕೂದಲು ಬೀಳಬಹುದೇ? ಅಲರ್ಜಿ ಇರುವವರಿಗೆ ಆಗದ ಪದಾರ್ಥ ತಾಗಬಹುದೇ?

ಹೀಗೆ ಬರೆದಾಗ ಒಂದೆರಡು ಸಾಲು ಎದ್ದು ಕಾಣುತ್ತವೆ. ಅಲ್ಲಿ ತಪ್ಪಿದರೆ ಮುಂದೆ ಯಾವ ಹಂತದಲ್ಲೂ ಸರಿಪಡಿಸಲು ಆಗುವುದಿಲ್ಲ. ಬೇಯಿಸುವುದು, ತಣಿಸುವುದು, ಬಿಸಿಯಾಗಿಡುವುದು ಸಾಮಾನ್ಯವಾಗಿ ಆ ಪಟ್ಟಿಯಲ್ಲಿರುತ್ತವೆ. ನಿಮ್ಮ ಗಮನದ ಬಹುಪಾಲು ಅಲ್ಲಿಗೇ ಹೋಗಬೇಕು.

ಇಲ್ಲಿ ಜನ ಮಾಡುವ ತಪ್ಪು: ಬೇರೆ ಯಾರದೋ ಫೈಲ್ ತಂದು ಹೆಸರು ಬದಲಿಸಿ ಇಟ್ಟುಕೊಳ್ಳುವುದು. ಫೈಲಿನಲ್ಲಿ ಮೀನು ಇರುತ್ತದೆ, ಅಡುಗೆಮನೆಯಲ್ಲಿ ಮೀನೇ ಇರುವುದಿಲ್ಲ. ಇನ್ಸ್‌ಪೆಕ್ಟರಿಗೆ ಎರಡು ಪುಟ ತಿರುವಿದರೆ ಗೊತ್ತಾಗುತ್ತದೆ.

ಹಂತ 2: ಬಿಸಿಯನ್ನು ಅಳೆಯಿರಿ, ಊಹಿಸಬೇಡಿ

5 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿವರೆಗಿನದು ಅಪಾಯದ ವಲಯ. ಬ್ಯಾಕ್ಟೀರಿಯಾ ಇಲ್ಲಿ ಬೇಗ ಬೆಳೆಯುತ್ತವೆ. ಅನುಕೂಲ ಸಿಕ್ಕಿದರೆ ಕೆಲವು 20 ನಿಮಿಷಕ್ಕೊಮ್ಮೆ ಎರಡಾಗುತ್ತವೆ. ಲೆಕ್ಕ ಹಾಕಿ ನೋಡಿ: ಒಂದು ಬ್ಯಾಕ್ಟೀರಿಯಾ ಏಳು ಗಂಟೆಯಲ್ಲಿ 20 ಲಕ್ಷ ದಾಟುತ್ತದೆ. ವಾಸನೆ, ರುಚಿ ಏನೂ ಬದಲಾಗದೆ ಇರಬಹುದು. "ಮೂಸಿ ನೋಡಿದೆ, ಚೆನ್ನಾಗೇ ಇದೆ" ಎನ್ನುವ ಮಾತನ್ನು ಅಡುಗೆಮನೆಯಿಂದಲೇ ಓಡಿಸಿ.

ಬೇಯಿಸುವಾಗ ಪದಾರ್ಥದ ನಟ್ಟನಡುವೆ, ಅತಿ ದಪ್ಪ ಇರುವ ಕಡೆ ಥರ್ಮಾಮೀಟರ್ ಚುಚ್ಚಿ. 70 ಡಿಗ್ರಿಯಲ್ಲಿ ಎರಡು ನಿಮಿಷ ನಿಲ್ಲಬೇಕು, ಇಲ್ಲವೇ 75 ಮುಟ್ಟಬೇಕು. ಮೂಳೆಗೆ ತಾಗಿಸಬೇಡಿ, ಅಂಕಿ ತಪ್ಪಾಗಿ ಬರುತ್ತದೆ. ದೊಡ್ಡ ಪಾತ್ರೆಯಾದರೆ ಚೆನ್ನಾಗಿ ಕಲಕಿ ಎರಡು ಮೂರು ಕಡೆ ನೋಡಿ. ಅಂಚಿನಲ್ಲಿ ಕುದಿ ಬಂದ ಮಾತ್ರಕ್ಕೆ ನಡುವೆಯೂ ಕುದಿಯುತ್ತಿದೆ ಎಂದಲ್ಲ. ಪ್ರತಿ ಸಲ ಚುಚ್ಚುವ ಮೊದಲು, ಚುಚ್ಚಿದ ಮೇಲೆ ಕಡ್ಡಿಯನ್ನು ಸ್ವಚ್ಛ ಮಾಡಿ.

ಬಿಸಿಯಾಗಿ ಬಡಿಸುವ ಪದಾರ್ಥ 60ಕ್ಕಿಂತ ಕೆಳಗೆ ಇಳಿಯಬಾರದು. ಬಡಿಸುವ ಕಡೆ ಇರುವ ಬಿಸಿನೀರಿನ ತೊಟ್ಟಿ ಬಿಸಿಯನ್ನು ಕಾಯುತ್ತದೆ ಅಷ್ಟೆ, ತಣ್ಣಗಿನದನ್ನು ಬಿಸಿ ಮಾಡುವುದಿಲ್ಲ. ಒಲೆಯ ಮೇಲೆ ಪೂರ್ತಿ ಕಾಯಿಸಿಯೇ ಅದಕ್ಕೆ ಹಾಕಿ. ಫ್ರಿಜ್ 5 ಡಿಗ್ರಿ ಅಥವಾ ಕೆಳಗೆ, ಫ್ರೀಜರ್ ಮೈನಸ್ 18. ಫ್ರಿಜ್ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ನಿಧಾನ ಮಾಡುತ್ತದೆ. ಲಿಸ್ಟೀರಿಯಾ ಎಂಬುದು ಫ್ರಿಜ್‌ನ ತಣ್ಣಗಿನಲ್ಲೂ ಬೆಳೆಯುತ್ತದೆ, ಗರ್ಭಿಣಿಯರಿಗೆ ತುಂಬಾ ಅಪಾಯ. ಅದಕ್ಕೇ ಫ್ರಿಜ್‌ನಲ್ಲಿಟ್ಟದ್ದಕ್ಕೂ ದಿನಾಂಕ ಬೇಕು.

ಥರ್ಮಾಮೀಟರ್ ಸರಿ ಇದೆಯೇ ಎಂದು ನೋಡುವುದು ಸುಲಭ. ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಸ್ವಲ್ಪ ನೀರು ಬೆರೆಸಿ, ಕಲಕಿ ಚುಚ್ಚಿ: 0 ತೋರಿಸಬೇಕು, ಹೆಚ್ಚೆಂದರೆ ಒಂದು ಡಿಗ್ರಿ ಆಚೀಚೆ. ಕುದಿಯುವ ನೀರಿನಲ್ಲಿ 100. ಎತ್ತರದ ಊರಾದರೆ ಪ್ರತಿ 300 ಮೀಟರ್‌ಗೆ ಸುಮಾರು ಒಂದು ಡಿಗ್ರಿ ಕಳೆದುಕೊಳ್ಳಿ. ಈ ಪರೀಕ್ಷೆ ಮಾಡಿದ ದಿನವನ್ನೂ ರಿಜಿಸ್ಟರ್‌ನಲ್ಲಿ ಬರೆಯಿರಿ, ತಪಾಸಣೆಯಲ್ಲಿ ಕೇಳುತ್ತಾರೆ.

ಹಂತ 3: ತಣಿಸುವುದು, ಎಲ್ಲರೂ ಎಡವುವ ಜಾಗ

ಇಡೀ ಲೇಖನದಲ್ಲಿ ಒಂದೇ ಒಂದು ಹಂತವನ್ನು ಎರಡು ಸಲ ಓದುವುದಾದರೆ ಇದನ್ನು ಓದಿ.

ಬೇಯಿಸಿದರೆ ಎಲ್ಲ ಸತ್ತುಹೋಗುತ್ತದೆ ಎಂದು ನಂಬಿದ್ದೇವೆ, ಅಲ್ವಾ? ಪೂರ್ತಿ ನಿಜ ಅಲ್ಲ. ಕೆಲವು ಬ್ಯಾಕ್ಟೀರಿಯಾಗಳಿಗೆ ಬೀಜಾಣು ಎಂಬ ಗಟ್ಟಿ ರೂಪ ಇದೆ. ಕುದಿ ನೀರಿನಲ್ಲೂ ಅದು ಬದುಕಿ ಉಳಿಯುತ್ತದೆ. ಅನ್ನದಲ್ಲಿ ಬೇಸಿಲಸ್ ಸೀರಿಯಸ್, ದೊಡ್ಡ ಪಾತ್ರೆಯ ಮಾಂಸದ ಗ್ರೇವಿಯಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಹೀಗೆ ಉಳಿಯುವಂಥವು. ಪಾತ್ರೆ ನಿಧಾನವಾಗಿ ತಣಿಯುತ್ತಾ ಬಂದ ಹಾಗೆ ಬೀಜಾಣು ಮೊಳೆತು ಮತ್ತೆ ಬ್ಯಾಕ್ಟೀರಿಯಾ ಆಗುತ್ತದೆ. ಪೈಪೋಟಿಗೆ ಬೇರೆ ಯಾವ ಜೀವಿಯೂ ಉಳಿದಿಲ್ಲ, ಬೆಚ್ಚಗಿದೆ, ಊಟ ಬೇಕಾದಷ್ಟಿದೆ. ಅದಕ್ಕೆ ಇನ್ನೇನು ಬೇಕು?

ಇನ್ನೂ ಕೆಟ್ಟ ಸಂಗತಿ ಒಂದಿದೆ. ಬೇಸಿಲಸ್ ಸೀರಿಯಸ್ ಅನ್ನದಲ್ಲಿ ಬಿಡುವ ವಾಂತಿ ತರಿಸುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಕೈಯಿಂದ, ಗಾಯದಿಂದ ಬರುವ ಸ್ಟೆಫಿಲೋಕಾಕಸ್ ಬಿಡುವ ವಿಷವೂ ಅಷ್ಟೆ. ಹಾಗಾಗಿ "ಚೆನ್ನಾಗಿ ಕುದಿಸಿ ಕೊಡೋಣ ಬಿಡಿ" ಎನ್ನುವುದು ಪರಿಹಾರ ಅಲ್ಲ. ತಣಿಸುವಾಗಲೇ ತಡೆಯಬೇಕು.

ಲೆಕ್ಕ ಹೀಗಿದೆ: 60 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ ಇಳಿಯಬೇಕು. ಅಲ್ಲಿಂದ 5ಕ್ಕೆ ಮುಂದಿನ ನಾಲ್ಕು ಗಂಟೆಯೊಳಗೆ. ಮೊದಲ ಎರಡು ಗಂಟೆಯೇ ಮುಖ್ಯ, ಬ್ಯಾಕ್ಟೀರಿಯಾ ಅತಿ ವೇಗವಾಗಿ ಬೆಳೆಯುವುದು ಆ ಬಿಸಿಯಲ್ಲೇ. ಕೆಲವು ದೇಶಗಳಲ್ಲಿ ಇದಕ್ಕಿಂತ ಕಡಿಮೆ ಹೊತ್ತು ಕೊಡುತ್ತಾರೆ.

ದೊಡ್ಡ ಪಾತ್ರೆಯನ್ನು ಹಾಗೇ ಬಿಟ್ಟರೆ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಗಟ್ಟಿಯಾದ ಪದಾರ್ಥದ ಆಳ ಎರಡು ಪಟ್ಟಾದರೆ ನಡುಭಾಗ ತಣಿಯಲು ಹತ್ತಿರ ಹತ್ತಿರ ನಾಲ್ಕು ಪಟ್ಟು ಹೊತ್ತು ಬೇಕು. ಅದಕ್ಕೆ ಹೀಗೆ ಮಾಡಿ:

1. ಒಲೆಯಿಂದ ಇಳಿಸಿದ ಹೊತ್ತನ್ನು ಬರೆದುಕೊಳ್ಳಿ.
2. ಆಳವಿಲ್ಲದ ಟ್ರೇಗಳಿಗೆ ಹಂಚಿ. ಐದು ಸೆಂಟಿಮೀಟರ್‌ಗಿಂತ ಜಾಸ್ತಿ ಎತ್ತರ ಬೇಡ. ಅನ್ನವನ್ನು ಇನ್ನೂ ತೆಳುವಾಗಿ ಹರಡಿ.
3. ಸೂಪ್, ಗ್ರೇವಿ ಇದ್ದರೆ ಪಾತ್ರೆಯನ್ನು ಐಸ್ ನೀರಿನ ತೊಟ್ಟಿಯಲ್ಲಿ ಕೂರಿಸಿ ಆಗಾಗ ಕಲಕುತ್ತಿರಿ. ಕಲಕದಿದ್ದರೆ ಅಂಚು ಮಾತ್ರ ತಣ್ಣಗಾಗುತ್ತದೆ. ಗ್ರೇವಿಗೆ ಹೇಗೂ ನೀರು ಸೇರಿಸಬೇಕಿದ್ದರೆ ಕೊನೆಯಲ್ಲಿ ಶುದ್ಧ ನೀರಿನ ಐಸ್ ರೂಪದಲ್ಲೇ ಸೇರಿಸಬಹುದು.
4. ದೊಡ್ಡ ಮಾಂಸದ ತುಂಡನ್ನು ಕತ್ತರಿಸಿ ತಣಿಸಿ.
5. ಎರಡು ಗಂಟೆ ಆದಾಗ ನಡುವೆ ಚುಚ್ಚಿ ನೋಡಿ. 21 ಅಥವಾ ಕಡಿಮೆ ಬಂದಿದ್ದರೆ ಬರೆದು ಫ್ರಿಜ್‌ಗೆ ಇಡಿ. ಪೂರ್ತಿ ತಣಿಯುವ ತನಕ ಬಿಗಿಯಾಗಿ ಮುಚ್ಚಬೇಡಿ, ಒಂದರ ಮೇಲೊಂದು ಪೇರಿಸಬೇಡಿ. ಮೇಲಿನಿಂದ ಏನೂ ಬೀಳದ ಜಾಗದಲ್ಲಿಡಿ.

ಬಿಸಿ ಪಾತ್ರೆಯನ್ನು ನೇರವಾಗಿ ಫ್ರಿಜ್‌ಗೆ ತಳ್ಳುವುದು ಇನ್ನೊಂದು ಸಾಮಾನ್ಯ ತಪ್ಪು. ಆಗ ಆ ಪಾತ್ರೆಯೂ ತಣಿಯುವುದಿಲ್ಲ, ಪಕ್ಕದಲ್ಲಿದ್ದ ಹಾಲು, ಮೊಸರು, ಮಾಂಸವೂ ಬೆಚ್ಚಗಾಗುತ್ತವೆ. ರಾತ್ರಿ ಕೆಲಸ ಮುಗಿಸಿ "ಬೆಳಗ್ಗೆ ಎತ್ತಿಡೋಣ" ಎಂದು ಒಲೆಯ ಮೇಲೇ ಬಿಟ್ಟು ಹೋದ ಪಾತ್ರೆಯನ್ನು ಬೆಳಗ್ಗೆ ಎಸೆಯುವುದೊಂದೇ ದಾರಿ. ನಷ್ಟ ಅನ್ನಿಸುತ್ತದೆ, ಒಪ್ಪುತ್ತೇನೆ. ಆದರೆ ಅದನ್ನು ತಿಂದವರ ಪಾಡು ಯೋಚಿಸಿ.

ತಣ್ಣಗೆ ಇಡಬೇಕಾದ ತಯಾರಾದ ಪದಾರ್ಥ ಹೊರಗಿದ್ದರೆ ಎರಡು ಗಂಟೆ, ನಾಲ್ಕು ಗಂಟೆ ಎಂಬ ಸರಳ ನಿಯಮವನ್ನು ಬಹಳ ಕಡೆ ಬಳಸುತ್ತಾರೆ. ಒಟ್ಟು ಎರಡು ಗಂಟೆಯೊಳಗಾದರೆ ಮತ್ತೆ ಫ್ರಿಜ್‌ಗೆ ಇಡಬಹುದು. ಎರಡರಿಂದ ನಾಲ್ಕು ಗಂಟೆಯಾಗಿದ್ದರೆ ಆಗಲೇ ಬಡಿಸಿ ಮುಗಿಸಬೇಕು, ಫ್ರಿಜ್‌ಗೆ ಇಡುವಂತಿಲ್ಲ. ನಾಲ್ಕು ದಾಟಿದರೆ ಎಸೆಯಬೇಕು. ಕತ್ತರಿಸುವಾಗ ಅರ್ಧ ಗಂಟೆ, ಸಾಗಿಸುವಾಗ ಒಂದು ಗಂಟೆ ಹೊರಗಿದ್ದರೆ ಅದೆಲ್ಲ ಕೂಡಿಸಿಯೇ ಲೆಕ್ಕ.

ಮತ್ತೆ ಬಿಸಿ ಮಾಡುವುದು ಒಂದೇ ಸಲ, 75 ಡಿಗ್ರಿಗೆ. ಎರಡನೇ ಸಲ ಉಳಿದದ್ದನ್ನು ಇಟ್ಟುಕೊಳ್ಳಬೇಡಿ. ಫ್ರೀಜರ್‌ನಿಂದ ತೆಗೆದ ಮಾಂಸ ಕರಗಬೇಕಾದದ್ದು ಫ್ರಿಜ್‌ನೊಳಗೆ, ಕಟ್ಟೆಯ ಮೇಲಲ್ಲ. ಹಿಂದಿನ ದಿನವೇ ಯೋಚಿಸಿ ತೆಗೆದಿಡಿ.

ಹಂತ 4: ಹಸಿಯದ್ದು ಬೆಂದದ್ದಕ್ಕೆ ತಾಗದಿರಲಿ

ಹಸಿ ಮಾಂಸ, ಮೀನು, ಮೊಟ್ಟೆಯಿಂದ ತಿನ್ನಲು ಸಿದ್ಧವಾದ ಪದಾರ್ಥಕ್ಕೆ ರೋಗಾಣು ದಾಟುವುದನ್ನು ಅಡ್ಡ ಸೋಂಕು ಎನ್ನುತ್ತಾರೆ. ಫ್ರಿಜ್‌ನಲ್ಲಿ ಬೆಂದದ್ದು ಮೇಲೆ, ಹಸಿಯದ್ದು ತೀರಾ ಕೆಳಗೆ, ಅಂಚಿರುವ ಟ್ರೇಯಲ್ಲಿ. ಮಾಂಸದ ನೀರು ಒಂದು ಹನಿ ಸಲಾಡ್ ಮೇಲೆ ಬಿದ್ದರೂ ಸಾಕು, ಸಲಾಡ್ ಮತ್ತೆ ಬೇಯುವುದಿಲ್ಲವಲ್ಲ.

ಹಸಿ ಕೋಳಿಯನ್ನು ಸಿಂಕ್‌ನಲ್ಲಿ ತೊಳೆಯಬೇಡಿ. ಸಿಡಿಯುವ ಹನಿಗಳಲ್ಲಿ ಬ್ಯಾಕ್ಟೀರಿಯಾ ಸುತ್ತಮುತ್ತ ಹರಡುತ್ತದೆ. ಚೆನ್ನಾಗಿ ಬೇಯಿಸಿದರೆ ತೊಳೆಯುವ ಅಗತ್ಯವೂ ಇಲ್ಲ. ಹಳೇ ಅಭ್ಯಾಸ, ಬಿಡಿಸುವುದು ಕಷ್ಟ, ಆದರೂ ಬಿಡಿಸಿ.

ಬಣ್ಣದ ಹಲಗೆ ತಂದರೆ ಸಾಲದು. ಹಲಗೆ ಬೇರೆ, ಆದರೆ ಚಾಕು ಅದೇ, ಒರೆಸುವ ಬಟ್ಟೆ ಅದೇ, ಇಕ್ಕಳ ಅದೇ ಆದರೆ ಪ್ರಯೋಜನ ಇಲ್ಲ. ಹಸಿ ಮಾಂಸ ಮುಟ್ಟಿದ ಇಕ್ಕಳದಲ್ಲೇ ಬೆಂದ ತುಂಡನ್ನು ತಟ್ಟೆಗೆ ಹಾಕುವುದು ಅವಸರದ ಹೊತ್ತಿನಲ್ಲಿ ದಿನವೂ ಆಗುವ ತಪ್ಪು. ಆಳವಾದ ಗೀರು ಬಿದ್ದ ಹಲಗೆಯನ್ನು ಎಸೆದುಬಿಡಿ, ಆ ಗೀರಿನೊಳಗೆ ಯಾವ ಬ್ರಷ್ಷೂ ಹೋಗುವುದಿಲ್ಲ.

ಹಂತ 5: ಕೈ ಮತ್ತು ಕೆಲಸದವರ ಆರೋಗ್ಯ

ಸೋಪು, ಹರಿಯುವ ನೀರು, 20 ಸೆಕೆಂಡ್, ಆಮೇಲೆ ಕಾಗದದ ಟವೆಲ್‌ನಲ್ಲಿ ಒರೆಸುವುದು. ಬೆರಳ ತುದಿ, ಉಗುರಿನ ಕೆಳಗೆ, ಹೆಬ್ಬೆರಳು ಬಿಟ್ಟುಹೋಗುವ ಜಾಗಗಳು. ಶೌಚಾಲಯಕ್ಕೆ ಹೋಗಿಬಂದ ಮೇಲೆ, ಹಸಿ ಮಾಂಸ ಮುಟ್ಟಿದ ಮೇಲೆ, ಮೊಬೈಲ್, ದುಡ್ಡು, ಕಸ ಮುಟ್ಟಿದ ಮೇಲೆ ತೊಳೆಯಲೇಬೇಕು. ಸ್ಯಾನಿಟೈಜರ್ ಹಚ್ಚಿಕೊಂಡರೆ ಸಾಕೆಂದು ತಿಳಿಯಬೇಡಿ. ವಾಂತಿ ಭೇದಿ ತರುವ ನೊರೊವೈರಸ್‌ಗೆ ಆಲ್ಕೋಹಾಲ್ ಜೆಲ್ ಅಷ್ಟಾಗಿ ನಾಟುವುದಿಲ್ಲ. ಕೈಗವಸೂ ಹಾಗೇ, ಕೊಳೆ ಕೈಗೆ ಹಾಕಿಕೊಂಡರೆ ಅದೂ ಕೊಳೆಯೇ.

ವಾಂತಿ, ಭೇದಿ ಇರುವವರನ್ನು ಅಡುಗೆಮನೆಗೆ ಸೇರಿಸಬೇಡಿ. ನಿಂತ ಮೇಲೂ 48 ಗಂಟೆ ಬೇಡ. ಇಲ್ಲಿ ಮಾಲೀಕರಿಗೆ ಒಂದು ಮಾತು. ರಜೆ ಹಾಕಿದರೆ ಸಂಬಳ ಹಿಡಿಯುತ್ತೀರಿ ಎಂದು ಗೊತ್ತಿದ್ದರೆ ಯಾವ ಕೆಲಸಗಾರರೂ ಹೊಟ್ಟೆ ಕೆಟ್ಟಿದೆ ಎಂದು ಬಾಯಿ ಬಿಡುವುದಿಲ್ಲ. ಆ ದಿನದ ಸಂಬಳ ಕೊಟ್ಟು ಮನೆಗೆ ಕಳಿಸುವುದು ನೀವು ಮಾಡಬಹುದಾದ ಅತಿ ಅಗ್ಗದ ಸುರಕ್ಷತೆಯ ಕೆಲಸ. ಕೈಯಲ್ಲಿ ಗಾಯ ಇದ್ದರೆ ನೀರು ಹೋಗದ ಬಣ್ಣದ ಪ್ಲಾಸ್ಟರ್ ಹಾಕಿ, ಮೇಲೆ ಕೈಗವಸು. ಬಣ್ಣದ್ದು ಯಾಕೆಂದರೆ ಊಟದಲ್ಲಿ ಬಿದ್ದರೆ ಕಾಣಬೇಕು.

ಹಂತ 6: ತೊಳೆಯುವುದು ಒಂದು ಕೆಲಸ, ರೋಗಾಣು ಕೊಲ್ಲುವುದು ಇನ್ನೊಂದು

ಮೊದಲು ಬಿಸಿನೀರು, ಸೋಪಿನಿಂದ ಜಿಡ್ಡು, ಕೊಳೆ ತೆಗೆಯಿರಿ. ಶುದ್ಧ ನೀರಿನಲ್ಲಿ ಜಾಲಿಸಿ. ಆಮೇಲೆ ರೋಗಾಣುನಾಶಕ ಹಾಕಿ, ಅದರ ಲೇಬಲ್‌ನಲ್ಲಿ ಹೇಳಿದಷ್ಟು ಹೊತ್ತು ಬಿಡಿ. ಗಾಳಿಗೆ ಒಣಗಿಸಿ. ಜಿಡ್ಡಿನ ಮೇಲೇ ಬ್ಲೀಚ್ ಸುರಿದರೆ ಅದರ ಶಕ್ತಿಯೆಲ್ಲ ಜಿಡ್ಡಿಗೇ ಖರ್ಚಾಗುತ್ತದೆ. ಸಿಂಪಡಿಸಿ ಆ ಕ್ಷಣವೇ ಒರೆಸಿಬಿಡುವುದೂ ಅಷ್ಟೇ ವ್ಯರ್ಥ.

ಊಟ ತಾಗುವ ಜಾಗಕ್ಕೆ ಸಾಮಾನ್ಯವಾಗಿ 100 ಪಿಪಿಎಂ ಕ್ಲೋರಿನ್ ಬಳಸುತ್ತಾರೆ. ಪಿಪಿಎಂ ಎಂದರೆ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ. ಬ್ಲೀಚ್ ಶೇಕಡಾ 5ರದ್ದಾಗಿದ್ದರೆ ಒಂದು ಲೀಟರ್ ತಣ್ಣೀರಿಗೆ 2 ಮಿಲಿಲೀಟರ್. ಕಣ್ಣಂದಾಜು ಬೇಡ, ಅಳತೆ ಮಾಡಿ, ದಿನವೂ ಹೊಸದಾಗಿ ಬೆರೆಸಿ. ಬ್ಲೀಚ್‌ಗೆ ಆಸಿಡ್ ಅಥವಾ ಅಮೋನಿಯಾ ಇರುವ ಕ್ಲೀನರ್ ಯಾವತ್ತೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ರಾಸಾಯನಿಕವನ್ನು ಕುಡಿಯುವ ನೀರಿನ ಬಾಟಲಿಗೆ ತುಂಬಿಡಬೇಡಿ.

ಅಡುಗೆಮನೆಯಲ್ಲಿ ಅತಿ ಕೊಳಕಾದ ವಸ್ತು ಹೆಚ್ಚಾಗಿ ಒರೆಸುವ ಬಟ್ಟೆಯೇ. ಒದ್ದೆಯಾಗಿ ಇಡೀ ದಿನ ಹೆಗಲ ಮೇಲಿರುತ್ತದೆ. ಬಿಸಾಡುವ ಕಾಗದ ಬಳಸಿ, ಇಲ್ಲವೇ ದಿನಕ್ಕೆ ಹಲವು ಬಟ್ಟೆ ಬದಲಿಸಿ ಕುದಿಸಿ ಒಣಗಿಸಿ.

ಹಂತ 7: ಅಲರ್ಜಿಯ ಪ್ರಶ್ನೆಗೆ ಊಹೆಯ ಉತ್ತರ ಬೇಡ

ಹೆಚ್ಚಾಗಿ ಅಲರ್ಜಿ ತರುವ ಪದಾರ್ಥಗಳು ಇವು: ಗೋಧಿಯಂಥ, ಗ್ಲುಟೆನ್ ಎಂಬ ಪ್ರೋಟೀನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ ಏಡಿ, ಶೇಂಗಾ, ಬಾದಾಮಿ ಗೋಡಂಬಿಯಂಥ ಬೀಜಗಳು, ಎಳ್ಳು. ಬಹಳ ದೇಶಗಳ ಪಟ್ಟಿಯಲ್ಲಿ ಸೋಯಾ ಕೂಡ ಇದೆ. ಪ್ರತಿ ಪದಾರ್ಥದಲ್ಲಿ ಇವುಗಳಲ್ಲಿ ಯಾವುದಿದೆ ಎಂದು ಒಂದು ಪಟ್ಟಿ ಮಾಡಿ ಬಡಿಸುವವರ ಕೈಗೆ ಸಿಗುವಂತೆ ತೂಗುಹಾಕಿ. ಸಾಸ್, ಮಸಾಲೆ ಪುಡಿಯ ಬ್ರ್ಯಾಂಡ್ ಬದಲಾದಾಗ ಪಟ್ಟಿಯನ್ನೂ ತಿದ್ದಿ.

ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯಬಹುದು, ಆದರೆ ಅಲರ್ಜಿ ತರುವ ಅಂಶವೂ ಹೋಗುತ್ತದೆ ಎಂದು ನಂಬಬೇಡಿ. ಕರಿಯುವ ಎಣ್ಣೆ ಒಂದೇ ಆಗಿದ್ದರೆ ಮೀನಿನ ಅಂಶ ಆಲೂಗಡ್ಡೆಗೂ ಬರುತ್ತದೆ. ಗಿರಾಕಿ ಕೇಳಿದಾಗ "ಇಲ್ಲ ಅನ್ಸುತ್ತೆ" ಎಂಬ ಉತ್ತರ ಒಬ್ಬರ ಜೀವ ತೆಗೆಯಬಹುದು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಹೇಳಿ, ಒಳಗೆ ಹೋಗಿ ಕೇಳಿ ಬನ್ನಿ ಎಂದು ಬಡಿಸುವವರಿಗೆ ಕಲಿಸಿ.

ಹಂತ 8: ಕಟ್ಟಡ, ಇಲಿ, ಜಿರಳೆ

ಸಣ್ಣ ಇಲಿ 6 ಮಿಲಿಮೀಟರ್ ಸಂದಿನಲ್ಲೂ ನುಸುಳಬಲ್ಲದು. ಬಾಗಿಲ ಕೆಳಗೆ ಪೆನ್ಸಿಲ್ ತೂರಿದರೆ ಇಲಿಯೂ ತೂರುತ್ತದೆ ಎಂದೇ ತಿಳಿಯಿರಿ. ಪೈಪ್ ಸುತ್ತ ಇರುವ ತೂತು ಮುಚ್ಚಿ. ಸ್ಟಾಕ್ ಅನ್ನು ನೆಲದಿಂದ ಎತ್ತರಿಸಿ, ಗೋಡೆಯಿಂದ ಸ್ವಲ್ಪ ದೂರ ಇಡಿ, ಹಿಂದೆ ಟಾರ್ಚ್ ಬಿಟ್ಟು ನೋಡಲು ಆಗಬೇಕು. ಹಿಕ್ಕೆ ಕಂಡರೆ ಗುಡಿಸಿ ಸುಮ್ಮನಾಗಬೇಡಿ, ಎಲ್ಲಿಂದ ಬಂತು ಎಂದು ಹುಡುಕಿ, ಬರೆದಿಡಿ. ಹೊಸ ಸ್ಟಾಕ್ ಹಿಂದೆ, ಹಳೆಯದು ಮುಂದೆ. ಕಸದ ಡಬ್ಬಿಗೆ ಮುಚ್ಚಳ ಇರಲಿ.

ಹಂತ 9: ದಾಖಲೆ ನಿಜವಾಗಿರಲಿ

ಫ್ರಿಜ್‌ನ ಡಿಗ್ರಿ ದಿನಕ್ಕೆ ಎರಡು ಸಲ, ಬೇಯಿಸಿದ ಮತ್ತು ತಣಿಸಿದ ಲೆಕ್ಕ, ಬಂದ ಮಾಲಿನ ತಪಾಸಣೆ, ಸ್ವಚ್ಛತೆ, ಕೆಲಸದವರ ತರಬೇತಿ ಮತ್ತು ಕಾಯಿಲೆ. ಇಷ್ಟು ಸಾಕು. ಹತ್ತು ಫಾರ್ಮ್ ಮಾಡಿ ಒಂದನ್ನೂ ತುಂಬದಿರುವುದಕ್ಕಿಂತ ಮೂರನ್ನು ನಿಜವಾಗಿ ತುಂಬುವುದು ಮೇಲು.

ತಿಂಗಳಿಡೀ "4, 4, 4, 4" ಎಂದು ಒಂದೇ ಪೆನ್ನಿನಲ್ಲಿ, ಒಂದೇ ಕೂರಿಕೆಯಲ್ಲಿ ಬರೆದ ಪುಟ ನೋಡಿದ ತಕ್ಷಣ ಸಿಕ್ಕಿಬೀಳುತ್ತದೆ. ಹಾಗೆ ಒಂದು ಪುಟ ಸುಳ್ಳು ಅನ್ನಿಸಿದರೆ ಉಳಿದ ಯಾವ ಪುಟವನ್ನೂ ತಪಾಸಣೆಗೆ ಬಂದವರು ನಂಬುವುದಿಲ್ಲ. ಅದೇ "ಬೆಳಗ್ಗೆ 9 ಡಿಗ್ರಿ ಇತ್ತು, ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ, ಎಷ್ಟು ಹೊತ್ತಿನಿಂದ ಎಂದು ಗೊತ್ತಿಲ್ಲದ್ದರಿಂದ ಬೇಯಿಸಿದ ಮಾಂಸ ಎಸೆದೆವು, ರಬ್ಬರ್ ಬದಲಿಸಲು ಹೇಳಿದೆವು" ಎಂದು ಬರೆದಿದ್ದರೆ ಅದು ನಿಮ್ಮ ಪರವಾದ ಸಾಕ್ಷಿ. ತಪ್ಪಾಗಿದ್ದು, ಅದನ್ನು ಕಂಡುಹಿಡಿದದ್ದು, ಸರಿ ಮಾಡಿದ್ದು ಮೂರೂ ಅಲ್ಲಿದೆ. ಕೆಲಸದವರಿಗೂ ಹೀಗೇ ಹೇಳಿ: ಕೆಟ್ಟ ಅಂಕಿ ಬರೆದದ್ದಕ್ಕೆ ಬೈಯುವುದಿಲ್ಲ, ಬರೆಯದಿದ್ದಕ್ಕೆ ಬೈಯುತ್ತೇನೆ.

ಹಂತ 10: ತಪಾಸಣೆಯ ದಿನ

ಹೆಚ್ಚಾಗಿ ಹೇಳದೆ ಕೇಳದೆ ಬರುತ್ತಾರೆ. ಗುರುತಿನ ಚೀಟಿ ನೋಡಿ, ಒಳಗೆ ಕರೆಯಿರಿ. ಮಧ್ಯಾಹ್ನದ ಊಟದ ಗದ್ದಲದಲ್ಲಿ ಬಂದರೂ "ಆಮೇಲೆ ಬನ್ನಿ" ಎನ್ನಬೇಡಿ. ಗದ್ದಲದಲ್ಲಿ ಹೇಗೆ ಕೆಲಸ ಮಾಡುತ್ತೀರಿ ಎಂಬುದನ್ನೇ ಅವರು ನೋಡಬೇಕಿರುತ್ತದೆ.

ಅವರು ಬಂದ ಕೂಡಲೇ ಎಲ್ಲರೂ ಪೊರಕೆ ಹಿಡಿಯುವುದು, ಟೋಪಿ ಹುಡುಕುವುದು ಬೇಡ. ನಡೆಯುತ್ತಿರುವ ಕೆಲಸ ನಡೆಯಲಿ. ಹೊಣೆ ಹೊತ್ತವರು ಒಬ್ಬರು ಜೊತೆಗೇ ಇರಿ. ಅವರು ಹೇಳಿದ್ದನ್ನೆಲ್ಲ ಬರೆದುಕೊಳ್ಳಿ. ಅಲ್ಲೇ ಸರಿ ಮಾಡಬಹುದಾದ್ದನ್ನು ಅಲ್ಲೇ ಮಾಡಿ, ಖಾಲಿ ಸೋಪಿನ ಡಬ್ಬಿ ತುಂಬಿಸುವಂಥದ್ದು.

ಬಹಳ ಸಲ ಅವರು ಫೈಲ್ ಬಿಟ್ಟು ಪಾತ್ರೆ ತೊಳೆಯುವವರನ್ನು, ತರಕಾರಿ ಹೆಚ್ಚುವವರನ್ನು ಕೇಳುತ್ತಾರೆ: "ಈ ಅನ್ನ ಹೇಗೆ ತಣಿಸ್ತೀರಿ? ಹೊಟ್ಟೆ ಕೆಟ್ಟರೆ ಯಾರಿಗೆ ಹೇಳ್ತೀರಿ?" ಬಾಯಿಪಾಠದ ಉತ್ತರ ಕಲಿಸಬೇಡಿ. ದಿನವೂ ಮಾಡುವ ಕೆಲಸವಾದರೆ ಅವರ ಮಾತಿನಲ್ಲೇ ಉತ್ತರ ಬರುತ್ತದೆ. ಗೊತ್ತಿಲ್ಲದ್ದನ್ನು ನೀವೂ ಗೊತ್ತಿಲ್ಲ ಎನ್ನಿ. ಊಟ, ಕಾಣಿಕೆ, ದುಡ್ಡು ಏನನ್ನೂ ಮುಂದೆ ಮಾಡಬೇಡಿ. ಅದರಿಂದ ಸಣ್ಣ ತಪ್ಪೂ ದೊಡ್ಡ ಅಪರಾಧ ಆಗುತ್ತದೆ.

ಹೊರಡುವ ಮೊದಲು ಮೂರು ವಿಷಯ ಕೇಳಿ ತಿಳಿದುಕೊಳ್ಳಿ. ಇದರಲ್ಲಿ ಕಾನೂನು ಯಾವುದು, ಬರೀ ಸಲಹೆ ಯಾವುದು? ಪ್ರತಿಯೊಂದಕ್ಕೂ ಗಡುವು ಎಷ್ಟು? ಒಪ್ಪಿಗೆ ಇಲ್ಲದಿದ್ದರೆ ಯಾರಲ್ಲಿ ಮೇಲ್ಮನವಿ ಮಾಡಬೇಕು? ಆಮೇಲೆ ವರದಿಯ ಪ್ರತಿ ಸಾಲಿಗೂ ಯಾರು, ಯಾವಾಗ, ಏನು ಮಾಡಿದರು ಎಂದು ಬರೆದು, ಫೋಟೋ ಸಮೇತ ಇಟ್ಟುಕೊಳ್ಳಿ. ಮುಂದಿನ ಸಲ ಬಂದವರು ಮೊದಲು ನೋಡುವುದು ಹಿಂದಿನ ತಪ್ಪು ತಿದ್ದಿಕೊಂಡಿದ್ದೀರಾ ಎಂಬುದನ್ನು.

ಹಂತ 11: "ನಿಮ್ಮಲ್ಲಿ ಊಟ ಮಾಡಿ ಹೊಟ್ಟೆ ಕೆಟ್ಟಿತು" ಎಂದು ಫೋನ್ ಬಂದರೆ

ವಾದಕ್ಕೆ ಇಳಿಯಬೇಡಿ, ತಪ್ಪು ಯಾರದೆಂದು ಆಗಲೇ ತೀರ್ಮಾನಿಸಲೂ ಬೇಡಿ. ಸ್ಟೆಫಿಲೋಕಾಕಸ್ ವಿಷ ಒಂದೆರಡು ಗಂಟೆಯಲ್ಲೇ ವಾಂತಿ ತರಿಸಬಹುದು, ನೊರೊವೈರಸ್‌ಗೆ 12ರಿಂದ 48 ಗಂಟೆ, ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾಗೆ 6ರಿಂದ 72 ಗಂಟೆ ಬೇಕು. ಕೊನೆಗೆ ತಿಂದ ಊಟವೇ ಕಾರಣ ಎಂದೇನಿಲ್ಲ. ಆದರೆ ನಿಮ್ಮದಲ್ಲ ಎಂದು ಹೇಳಲೂ ನಿಮ್ಮ ಹತ್ತಿರ ದಾಖಲೆ ಬೇಕು.

ಹೆಸರು, ಫೋನ್ ನಂಬರ್, ಏನು ತಿಂದರು, ಯಾವಾಗ ತಿಂದರು, ಯಾವ ಹೊತ್ತಿಗೆ ಏನು ಶುರುವಾಯಿತು, ಜೊತೆಗಿದ್ದವರಿಗೆ ಹೇಗಿದೆ, ಎಲ್ಲ ಬರೆದುಕೊಳ್ಳಿ. ಡಾಕ್ಟರನ್ನು ನೋಡಲು ಹೇಳಿ. ಆ ಪದಾರ್ಥ ಇನ್ನೂ ಉಳಿದಿದ್ದರೆ ಬಡಿಸುವುದು ನಿಲ್ಲಿಸಿ. ಎಸೆಯಬೇಡಿ, "ಬಳಸಬಾರದು" ಎಂದು ಚೀಟಿ ಅಂಟಿಸಿ ಫ್ರಿಜ್‌ನಲ್ಲಿ ಬೇರೆ ಇಡಿ. ದೊಡ್ಡ ಕ್ಯಾಟರಿಂಗ್ ನಡೆಸುವವರು ಪ್ರತಿ ಪದಾರ್ಥದ ಸ್ವಲ್ಪ ಮಾದರಿಯನ್ನು ಶುದ್ಧ ಡಬ್ಬಿಯಲ್ಲಿ ದಿನಾಂಕ ಬರೆದು ಮೂರು ದಿನ ಫ್ರಿಜ್‌ನಲ್ಲಿ ಇಟ್ಟುಕೊಳ್ಳುವ ರೂಢಿ ಇದೆ. ನೀವೂ ಶುರು ಮಾಡಿ. ಆ ದಿನದ ಕೆಲಸದವರ ಪಟ್ಟಿ, ಬೇಯಿಸಿದ ಮತ್ತು ತಣಿಸಿದ ಪುಟ, ಮಾಲು ಬಂದ ಬಿಲ್ ತೆಗೆದಿಡಿ. ಕೆಲಸದವರಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟಿತ್ತೇ ಎಂದು ಕೇಳಿ. ಇಬ್ಬರು ಮೂವರಿಂದ ಇದೇ ದೂರು ಬಂದರೆ ಅಧಿಕಾರಿಗಳೇ ಬರಲಿ ಎಂದು ಕಾಯದೆ ಆಹಾರ ಸುರಕ್ಷತಾ ಕಚೇರಿಗೆ ನೀವೇ ಫೋನ್ ಮಾಡಿ.